ನಸೀಮಾ ಉಂಡ ಸಾರು

ನಸೀಮಾಗೆ ಪಿಸುಗುಟ್ಟಲು ಬರುತ್ತಿರಲಿಲ್ಲ. ಅವಳು ಬಾಗಿಲಲ್ಲಿ ಚಪ್ಪಲಿ ಬಿಟ್ಟರೆ ಹಿತ್ತಲಿನ ಎಮ್ಮೆಗೂ ಗೊತ್ತಾಗುತ್ತಿತ್ತು. ಮೊದಲ ದಿನ ನಾನು ಅವಳನ್ನು ಮೂಲೆಗೆ ಎಳೆದುಕೊಂಡು, ಮಗ ನಾರಾಯಣನಿಗೆ ಕೇಳಿಸದ ಹಾಗೆ, "ಇವನಿಗೆ ತಲೆ ಸರಿಯಿಲ್ಲ ಕಣಮ್ಮ. ಊಟದಲ್ಲಿ ವಿಷ ಹಾಕ್ತಾರೆ ಅಂತಾನೆ" ಎಂದೆ. ಅವಳು ಕೈ ಬಿಡಿಸಿಕೊಂಡಳು.

"ಅದನ್ನ ಅಣ್ಣನ ಮುಂದೇನೇ ಹೇಳಿ ಅಮ್ಮಾ. ಮೂಲೇಲಿ ಗುಸುಗುಸು ಅಂದ್ರೆ ನನಗೇ ಅನುಮಾನ ಬರ್ತದೆ, ಅವ್ರಿಗೆ ಬರಲ್ವಾ?"

ನನಗೆ ಕೋಪ ಬಂತು. ನಾರಾಯಣ ಮಾತ್ರ ತಲೆ ಎತ್ತಿ ಅವಳನ್ನು ನೋಡಿದ. ಅವನು ಹಾಗೆ ಯಾರ ಮುಖವನ್ನೂ ನೋಡಿ ಬಹಳ ಕಾಲವಾಗಿತ್ತು.

ಅವಳು ಮುಳಬಾಗಿಲಿನವಳು. ಅಪ್ಪನದು ಹಾಸಿಗೆ ಹೊಲಿಯುವ ಅಂಗಡಿ. ಮನಸ್ಸಿನ ಕಾಯಿಲೆ ಇರುವವರ ಮನೆಗೆ ಹೋಗಿ, ಅವರನ್ನೂ ಮನೆಯವರನ್ನೂ ಕೂರಿಸಿಕೊಂಡು ಮಾತಾಡುವುದು ಆಸ್ಪತ್ರೆ ಅವಳಿಗೆ ಕೊಟ್ಟ ಕೆಲಸ. "ಅದಕ್ಕೂ ಓದು ಇದೆಯೇನೇ?" ಎಂದು ಕೇಳಿದ್ದೆ.

"ಇದೆ ಅಮ್ಮಾ. ಬಾಯಿ ಮುಚ್ಕೊಂಡು ಕೇಳೋದು ಕಲಿಯೋಕೇ ಎರಡು ವರ್ಷ ಹಿಡೀತು."

"ನಿನಗೆ ಎರಡು ವರ್ಷ ಸಾಲಲಿಲ್ಲ ಬಿಡು."

ನಕ್ಕುಬಿಟ್ಟಳು. ಹುಚ್ಚರ ಜೊತೆ ಓಡಾಡುವವಳನ್ನು ಯಾರು ಮದುವೆಯಾಗುತ್ತಾರೆ ಎಂದು ಅವಳ ಚಿಕ್ಕಮ್ಮ ಗೋಳಾಡುತ್ತಿದ್ದಳಂತೆ. "ಯಾವ ಕೆಲಸ ಮಾಡಿದ್ರೂ ಒಬ್ರು ಏನಾದ್ರೂ ಅಂತಾರೆ ಅಮ್ಮಾ. ಇದು ನನಗೆ ಚೆನ್ನಾಗಿ ಬರ್ತದೆ, ಮಾಡ್ತೀನಿ" ಎನ್ನುತ್ತಿದ್ದಳು. ಜಂಬವಲ್ಲ, ಇದ್ದದ್ದನ್ನು ಹೇಳುತ್ತಿದ್ದಳು.

ಡಾಕ್ಟರು ಕೊಟ್ಟ ಮಾತ್ರೆಯನ್ನು ನಾರಾಯಣ ಉಗಿದುಬಿಡುತ್ತಿದ್ದ. ಸೊಸೆ ಮಂಜುಳಾ ಅದನ್ನು ಅರೆದು ಅವನ ಸಾರಿಗೆ ಬೆರೆಸಿದಳು. ನಮ್ಮ ಯಲ್ದೂರು ಕಡೆ ಕುಡುಕ ಗಂಡಂದಿರಿಗೂ ಹೀಗೇ ಏನೇನೋ ಪುಡಿ ಹಾಕುತ್ತಾರೆ. ಒಂದು ದಿನ ಅವನು ಅಡುಗೆಮನೆಗೆ ಬಂದು ಅರೆಯುವ ಕಲ್ಲಿನ ಮೇಲೆ ಬಿಳಿ ಪುಡಿ ನೋಡಿದ. ಮುಗಿಯಿತು. ಇಷ್ಟು ದಿನ ಅವನ ತಲೆಯಲ್ಲಿದ್ದ ವಿಷ ಈಗ ಕಣ್ಣಿಗೇ ಸಿಕ್ಕಿತು. ಮನೆಯ ಅನ್ನ ಮುಟ್ಟಲಿಲ್ಲ. ತೋಟದ ಮಾವಿನಹಣ್ಣು, ಕೊಳಾಯಿ ನೀರು, ಅಷ್ಟೇ. ಕತ್ತಿನ ಮೂಳೆ ಕಾಣತೊಡಗಿತು. ಇತ್ತ ಮಂಜುಳಾ ಬಟ್ಟೆ ಗಂಟು ಕಟ್ಟಿದಳು. "ನಾನು ಮಾಡಿ ಹಾಕಿದ್ದನ್ನ ವಿಷ ಅನ್ನೋರ ಜೊತೆ ಹೆಂಗಿರ್ಲಿ ಅತ್ತೆ? ಅಮ್ಮನ ಮನೆಗೆ ಹೋಗ್ತೀನಿ."

ನಸೀಮಾ ಬಂದು ಎಲ್ಲವನ್ನೂ ಕೇಳಿದಳು. ಮಂಜುಳಾಳನ್ನು ಬೈಯಲಿಲ್ಲ. "ಹಾಕಿದ್ದು ಹೌದಾ ಅಕ್ಕಾ? ಹಂಗಾದ್ರೆ ಅಣ್ಣಂಗೆ ನೀವೇ ಹೇಳಿ" ಎಂದಳು.

"ಹಾಕಿದ್ದೆ ಕಣ್ರೀ. ಹುಷಾರಾಗ್ಲಿ ಅಂತ" ಎಂದಳು ಮಂಜುಳಾ, ನೆಲ ನೋಡಿಕೊಂಡು.

"ನೋಡಿದ್ರಾ? ನಾನು ಹೇಳ್ದಾಗ ಹುಚ್ಚ ಅಂದ್ರಿ!" ಎಂದ ನಾರಾಯಣ.

"ನೀವು ನೋಡಿದ್ದು ನಿಜ ಅಣ್ಣಾ. ಸಾರಲ್ಲಿ ಇದ್ದಿದ್ದು ವಿಷ ಅಲ್ಲ, ಮಾತ್ರೆ. ನಿಮ್ಮನ್ನ ಕೇಳದೆ ಹಾಕಿದ್ದು ತಪ್ಪು. ಇನ್ಮೇಲೆ ಯಾರೂ ಹಾಕಲ್ಲ." ಆಮೇಲೆ ನಸೀಮಾ ಸೌಟು ತಂದು ಅವನ ಕೈಗೇ ಕೊಟ್ಟಳು. "ನನಗೆ ಹಸಿವು. ನೀವೇ ಬಡಿಸಿ."

ನಮ್ಮ ಮನೆಯಲ್ಲಿ ಗಂಡಸು ಸೌಟು ಹಿಡಿದದ್ದಿಲ್ಲ. ಸಾಬರ ಮನೆಯ ಹುಡುಗಿ ನಮ್ಮ ಒಲೆಯ ಮುಂದೆ ಕೂತು ಉಂಡದ್ದೂ ಇಲ್ಲ. ಅವತ್ತು ಎರಡೂ ಆಯಿತು. ನಾರಾಯಣ ಒಂದೇ ಪಾತ್ರೆಯಿಂದ ಎಲ್ಲರಿಗೂ ಮುದ್ದೆ ಸಾರು ಬಡಿಸಿ, ನಮ್ಮ ಗಂಟಲುಗಳನ್ನೇ ನೋಡುತ್ತ ನಿಂತ. ನಸೀಮಾ ಎರಡನೇ ಸಲ ಹಾಕಿಸಿಕೊಂಡಳು. ಆಮೇಲೆ ಅವನೂ ಕೂತ. ತಟ್ಟೆಯ ಪಕ್ಕ ಅವಳು ಮಾತ್ರೆ ಇಟ್ಟಳು. "ಬೇಡ ಅಂದ್ರೆ ಬೇಡ ಅನ್ನಿ. ಡಾಕ್ಟರ ಹತ್ರ ಹೋಗಿ ಮಾತಾಡೋಣ." ಅವತ್ತು ನುಂಗಲಿಲ್ಲ. ಅವಳು ಮತ್ತೆ ಮತ್ತೆ ಬಂದ ಮೇಲೆ ನುಂಗಿದ. ಮಂಜುಳಾ ಗಂಟು ಬಿಚ್ಚಲು ಇನ್ನೂ ತಡ ಮಾಡಿದಳು; ಅವಳನ್ನೂ ಬೇರೆ ಕೂರಿಸಿಕೊಂಡು ನಸೀಮಾ ಎಷ್ಟೋ ಹೊತ್ತು ಕೇಳುತ್ತಿದ್ದಳು.

ಮರುವರ್ಷ ಅವಳನ್ನು ಕೋಲಾರಕ್ಕೆ ಹಾಕಿದರು, ಹೊಸಬರಿಗೆ ಈ ಕೆಲಸ ಕಲಿಸುವುದಕ್ಕೆ. ಹೇಳಿ ಹೋಗಲು ಬಂದ ದಿನ ನಾರಾಯಣ, "ಮಾತ್ರೆ ನುಂಗಿದ್ರೆ ಬೆಳಗ್ಗೆ ಏಳೋಕಾಗಲ್ಲ. ಮಾವಿನಕಾಯಿ ಕೀಳೋ ಕಾಲ. ನನಗೆ ಬೇಡ" ಎಂದ. ಮತ್ತೆ ಮೊದಲಿನ ಹಾಗೇ ಆಯಿತು ಎಂದುಕೊಂಡೆ ನಾನು. ನಸೀಮಾ ಮಾತ್ರ ಅರಳಿದಳು.

"ಸರಿ ಅಣ್ಣಾ. ಬಿಟ್ಟುಬಿಡ್ಬೇಡಿ, ಇದನ್ನೇ ಹೋಗಿ ಡಾಕ್ಟರಿಗೆ ಹೇಳಿ."

"ನೀನು ಬರಲ್ವಾ?"

"ಇಲ್ಲ ಅಣ್ಣಾ. ನೀವೇ ಹೇಳ್ತೀರಿ."

ಬಸ್ಸು ಹತ್ತಿದಳು. ಆಮೇಲೆ ನಾನು ಅವಳನ್ನು ನೋಡಿಲ್ಲ.

ಎರಡು ದಿನ ಬಿಟ್ಟು ಅವನು ಅಂಗಿ ಬದಲಾಯಿಸಿಕೊಂಡು, ಡಾಕ್ಟರನ್ನು ನೋಡಲು ಶ್ರೀನಿವಾಸಪುರದ ಬಸ್ಸಿಗೆ ಹೊರಟ. "ಜೊತೆಗೆ ಬರ್ಲೇನ್ಲಾ?" ಎಂದೆ.

"ನೀನ್ಯಾಕಮ್ಮಾ? ನನಗೆ ಬಾಯಿಲ್ವಾ?"

ಅಡುಗೆಮನೆಯಿಂದ ಮಂಜುಳಾ ಕೂಗಿದಳು: "ಬರೋವಾಗ ಬೆಲ್ಲ ತಗೊಂಬನ್ನಿ. ಹೋದ್ಸಲ ತಂದಂಗೆ ಮಣ್ಣಿರೋದು ಬೇಡ."