ಬೆರಳಿಗೆ ಸಿಗುವ ಹಿಮ

ಬೆಳಿಗ್ಗೆ ಏಳಕ್ಕೆ ಯಾದಗಿರಿಯಲ್ಲಿ ಶಹಾಪುರದ ಬಸ್ಸು ಹತ್ತಿದೆ. ಬಗಲಲ್ಲಿ ಎರಡು ರಟ್ಟಿನ ನಡುವೆ ಕಟ್ಟಿದ ಒಂದು ಜಪಾನಿ ಚಿತ್ರ. ಮರದ ಹಲಗೆ ಕೆತ್ತಿ, ಬಣ್ಣ ಹಚ್ಚಿ, ಕಾಗದಕ್ಕೆ ಕೈಯಿಂದ ಒತ್ತಿ ತೆಗೆಯುವ ಚಿತ್ರಗಳಿವು. ಪುರಾತನವಲ್ಲ, ನಮ್ಮ ಕಾಲದ ಕಲಾವಿದರವೇ. ಡ್ರಾಯಿಂಗ್ ಮಾಸ್ತರಿಕೆ ಮಾಡುತ್ತಲೇ ಇಂಥವು ಹದಿನಾಲ್ಕು ಕೂಡಿಸಿದ್ದೇನೆ. ಮನೆಯವರು ಹುಚ್ಚು ಅನ್ನುತ್ತಾರೆ, ಅನ್ನಲಿ.

ಬಗಲಲ್ಲಿದ್ದದ್ದು ಒಂದು ಜೋಡಿಯ ಎಡಭಾಗ, ಹಿಮ ಬೀಳುವ ಸೇತುವೆಯ ಅರ್ಧ. ಬಲಭಾಗ ದೇವಾಪುರದ ಗೆಳೆಯ ಮಲ್ಲಣ್ಣನ ಹತ್ತಿರ. ಹರೆಯದಲ್ಲಿ ಹೈದರಾಬಾದಿನಲ್ಲಿ ಇಬ್ಬರೂ ದುಡ್ಡು ಕೂಡಿಸಿ ಕೊಂಡು ಹಂಚಿಕೊಂಡಿದ್ದೆವು. ಎಷ್ಟೋ ವರ್ಷ ಬೇಡಿದರೂ ಕೊಡಲಿಲ್ಲ. ಸಕ್ಕರೆ ಕಾಯಿಲೆಗೆ ಅವನ ಕಣ್ಣು ಪೂರ್ತಿ ಹೋಗಿ ಮೂರು ವರ್ಷ. ಮೊನ್ನೆ ಫೋನು ಮಾಡಿ, "ಇನ್ನ ನನಗ್ಯಾಕ ಅದು? ಬಂದು ಒಯ್ಯಿ" ಅಂದ. ನನಗೆ ಖುಷಿಯಾಯಿತು. ಆ ಖುಷಿಗೆ ಈಗ ನಾಚಿಕೆಯಾಗುತ್ತದೆ.

ಭೀಮೆ ದಾಟಿ, ಶಹಾಪುರದಲ್ಲಿ ಮಿರ್ಚಿ ಭಜಿ ತಿಂದು ಚಹಾ ಕುಡಿದು, ಸುರಪುರದ ಬಸ್ಸು ಹಿಡಿದೆ. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಕಾಲುವೆ ಬಂದ ಮೇಲೆ ಇಲ್ಲಿ ಜೋಳದ ಹೊಲಗಳೆಲ್ಲ ಭತ್ತದ ಗದ್ದೆಯಾಗಿವೆ, ಮನೆಯ ಗೋಡೆಗಳಿಗೂ ಹಸಿ ಏರಿದೆ. ಕಾಗದಕ್ಕೆ ಹಸಿ ಆಗದು ಎಂಬ ಚಿಂತೆ ದಾರಿಯುದ್ದಕ್ಕೂ ಇತ್ತು. ಮತ್ತೊಂದು ಬಸ್ಸು ಬದಲಿಸಿ ದೇವಾಪುರ ಮುಟ್ಟಿದಾಗ ಮಧ್ಯಾಹ್ನ.

ಮಲ್ಲಣ್ಣನ ಹೆಂಡತಿ ಶಾಂತಮ್ಮ ಚಿತ್ರ ತಂದಳು. ಅದರ ಮೈತುಂಬ ಪ್ಲಾಸ್ಟಿಕ್.

"ಕಾಲುವಿ ಬಂದಮ್ಯಾಲ ಗ್ವಾಡಿ ಹಸಿ ಆರಂಗಿಲ್ಲರಿ, ಅಣ್ಣಾರ. ಇವ್ರ ಜೀವದಂಥಾದ್ದು, ಹಾಳಾಗಬಾರದಂತ ರೇಷನ್ ಕಾರ್ಡ್ ಜೋಡಿ ಇದಕ್ಕೂ ಲ್ಯಾಮಿನೇಷನ್ ಮಾಡಿಸೀನಿ."

ಚಿತ್ರ ಕೈಗೆ ತೆಗೆದುಕೊಂಡು ಓರೆ ಮಾಡಿ ನೋಡಿದೆ. ಆ ಹಿಮಕ್ಕೆ ಬಣ್ಣವಿಲ್ಲ. ಬರೀ ಹಲಗೆಯಿಂದ ಒತ್ತಿ ಕಾಗದವನ್ನೇ ಉಬ್ಬಿಸಿರುತ್ತಾರೆ, ಬೆರಳಾಡಿಸಿದರೆ ಸಿಗುತ್ತದೆ. ಬಿಸಿ ಮಷೀನು ಅದನ್ನೆಲ್ಲ ಸಪಾಟು ಮಾಡಿತ್ತು. ಬೈಯಲು ಬಾಯಿ ತೆರೆದೆ. ಪಕ್ಕದಲ್ಲಿ ಕೂತಿದ್ದ ಮಲ್ಲಣ್ಣ ನನ್ನ ಕೈ ಅದುಮಿದ. ಅವಳು ಚಹಾಕ್ಕೆ ಒಳಗೆ ಹೋದ ಮೇಲೆ ಮೆಲ್ಲಗೆ ಅಂದ: "ಅಕಿಗಿ ಹೇಳಬ್ಯಾಡೋ. ನಾನೂ ಹೇಳಿಲ್ಲ. ಕಣ್ಣು ಹೋದ್ರೂ ಬೆರಳೀಲೆ ನೋಡಬೇಕಂತ ಮಾಡಿದ್ದೆ."

ನಾನು ಕಟ್ಟು ಬಿಚ್ಚಿ ನನ್ನ ಅರ್ಧವನ್ನು ಅವನ ತೊಡೆಯ ಮೇಲಿಟ್ಟೆ. ಬೆರಳು ಮೇಲಿಂದ ಕೆಳಗೆ ನಿಧಾನ ಇಳಿಯಿತು.

"ಬೀಳಾಕತ್ತದ" ಅಂದ. ಇಬ್ಬರೂ ಅತ್ತೆವು.

"ಇದು ನಿನ್ನ ಹತ್ರಾನೇ ಇರ್ಲಿ. ನಿನ್ನದು ನಾ ಒಯ್ತೀನಿ" ಅಂದೆ.

ಚಹಾ ತಂದ ಶಾಂತಮ್ಮ ನೋಡಿ, "ಹಂಗಾದ್ರ ಇದಕ್ಕೂ ನಾಳಿ ಪ್ಲಾಸ್ಟಿಕ್ ಹಾಕಿಸ್ತೀನ್ರಿ" ಅಂದಳು.

"ಬ್ಯಾಡ ತಂಗಿ!" ನಾನು ಕೂಗಿಯೇಬಿಟ್ಟೆ.

ಅವಳು ಗಂಡನ ಬೆರಳು ನೋಡಿದಳು. ನನ್ನ ಕೈಯಲ್ಲಿದ್ದ ಪ್ಲಾಸ್ಟಿಕ್ ನೋಡಿದಳು. ಲೋಟ ಇಟ್ಟು ಒಳಗೆ ಹೋದವಳು ಹೊರಗೆ ಬರಲಿಲ್ಲ. ನಾಲಿಗೆ ಹಿಡಿದುಕೊಂಡವನು ಕಡೇ ಗಳಿಗೆಯಲ್ಲಿ ಕೆಡಿಸಿದ್ದೆ.

ಕಾಲುವೆಯ ಸೇತುವೆ ಹತ್ತಿರ ಬಸ್ಸಿಗೆ ನಿಂತಿದ್ದಾಗ ರೊಟ್ಟಿ ಗಂಟು ಹಿಡಿದು ಬಂದಳು.

"ದಿನಾ ಆ ಪ್ಲಾಸ್ಟಿಕ್ ಮ್ಯಾಲ ಬೆರಳು ತಿಕ್ಕತಿದ್ರು, ಅಣ್ಣಾರ. ಬೆರಳು ಜೋಮು ಹಿಡದಾವೇನೋ ಅಂತ ನಾ ಮೂರು ವರ್ಷ ಎಣ್ಣಿ ಹಚ್ಚೀನ್ರಿ."

ರೊಟ್ಟಿ ಗಂಟು ಇಸಿದುಕೊಂಡೆ. ಬಸ್ಸು ಬಂತು. ಕಿಟಕಿಯಿಂದ ತಿರುಗಿ ನೋಡಿದೆ. ಸೇತುವೆಯ ಮೇಲೆ ನಿಂತು ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದಳು, ಮತ್ತೆ ಮತ್ತೆ.