ಮೊದಲ ಬಕೆಟ್ಟಿನ ನೀರು

ನಮ್ಮತ್ತೆ ನೀರಿನ ಬಿಸಿ ನೋಡುತ್ತಿದ್ದುದು ಮೊಣಕೈಯಿಂದ. ಒಲೆಯ ಮುಂದೆ ಸುಟ್ಟು ಸುಟ್ಟು ಜಡ್ಡುಗಟ್ಟಿದ ಅಂಗೈಗೆ ಬಿಸಿ ಯಾವುದು, ಉಗುರುಬೆಚ್ಚಗಿನದು ಯಾವುದು ತಿಳಿಯುತ್ತಿರಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಚ್ಚಲಿನ ತಾಮ್ರದ ಹಂಡೆಯ ಮೇಲೆ ಬಗ್ಗಿ, ಬಲ ಮೊಣಕೈಯನ್ನು ಮೆಲ್ಲಗೆ ಅದ್ದಿ ಒಂದು ಗಳಿಗೆ ಸುಮ್ಮನಿರುತ್ತಿದ್ದರು. ಆಮೇಲೆ ಒಳಮನೆಗೆ ಕೇಳುವ ಹಾಗೆ ಕೂಗುತ್ತಿದ್ದರು: “ನೀರು ಹದವಾಗಿ ಅದೆ, ಬಾ ಕಣಮ್ಮಿ.”

ಮದುವೆಯಾಗಿ ಚಾಮರಾಜನಗರದ ಆ ಮನೆಗೆ ಬಂದ ಮಾರನೆಯ ಬೆಳಿಗ್ಗೆ ನನ್ನ ಕಿವಿಗೆ ಬಿದ್ದ ಮೊದಲ ಮಾತು ಅದೇ. ಅತ್ತೆ ಹೇಗಿರುತ್ತಾರೋ ಎಂದು ಹೆದರಿಕೊಂಡೇ ಬಂದಿದ್ದವಳಿಗೆ ಅರ್ಧ ಹೆದರಿಕೆ ಅಲ್ಲೇ ಇಳಿದುಹೋಗಿತ್ತು.

ಆ ಹಂಡೆಗೆ ಒಂದು ಕಟ್ಟಳೆ ಇತ್ತು. ಮಿಂದವರು ತಾವು ತೋಡಿಕೊಂಡಷ್ಟು ತಣ್ಣೀರನ್ನು ಮತ್ತೆ ಹಂಡೆಗೆ ಸುರಿದೇ ಹೊರಬರಬೇಕು. ಹಿಂದೆ ಬರುವವರಿಗೆ ಹಂಡೆ ಬರಿದಾಗಿರಬಾರದು. ನಾನು ಮೊದಲು, ಯಾಕೆಂದರೆ ಗುಂಡ್ಲುಪೇಟೆಯ ಶಾಲೆಗೆ ಹೋಗಲು ಬೆಳಗಿನ ಬಸ್ಸು ಹಿಡಿಯಬೇಕು. ಆಮೇಲೆ ನನ್ನ ಗಂಡ, ಆಮೇಲೆ ಇಬ್ಬರು ಮಕ್ಕಳು. ಎಲ್ಲರದೂ ಮುಗಿಯುವ ಹೊತ್ತಿಗೆ ಒಲೆ ಆರಿ, ಹಂಡೆಯಲ್ಲಿ ಬೆಚ್ಚಗಿದ್ದೂ ಇಲ್ಲದಂತಹ ನೀರು ಉಳಿದಿರುತ್ತಿತ್ತು. ಅದು ಅತ್ತೆಯದು. “ಇನ್ನೊಂದೆರಡು ಕಡ್ಡಿ ಇಟ್ಕೊಳ್ಳಿ ಅತ್ತೆ” ಅಂದರೆ, “ನಂಗೆ ಯಾವ ಬಸ್ಸು ತಪ್ಪೋಯ್ತದೆ, ಬುಡು” ಅನ್ನುತ್ತಿದ್ದರು.

ಉರಿಸುತ್ತಿದ್ದುದು ಹಿಪ್ಪುನೇರಳೆ ಕಡ್ಡಿ. ರೇಷ್ಮೆ ಹುಳಕ್ಕೆ ಸೊಪ್ಪು ಬಿಡಿಸಿಕೊಂಡ ಮೇಲೆ ಉಳಿದ ಕಡ್ಡಿಯನ್ನು ಉಮ್ಮತ್ತೂರಿನಿಂದ ಅತ್ತೆಯ ತಮ್ಮ ಹೊರೆ ಕಟ್ಟಿ ತಂದು ಹಾಕುತ್ತಿದ್ದರು. ಹಸಿಯಿದ್ದರೆ ಹೊಗೆಯೋ ಹೊಗೆ. ಅತ್ತೆ ಊದುಗೊಳವೆ ಹಿಡಿದು ಕೂತರೆ ಬಚ್ಚಲಿನಿಂದ ಬರುತ್ತಿದ್ದುದು ಹೊಗೆ ಮತ್ತು ಕೆಮ್ಮು ಎರಡೇ. ಆ ಕೆಮ್ಮು ನಮ್ಮ ಮನೆಯ ಅಲಾರಂ ಆಗಿಬಿಟ್ಟಿತ್ತು. ಅದು ಕೇಳಿದರೆ ನೀರು ಕಾಯುತ್ತಿದೆ ಅಂತ ನಾನು ಇನ್ನೊಂದು ಮಗ್ಗುಲು ಹೊರಳುತ್ತಿದ್ದೆ. ಇದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ.

ಕೊನೆಗೆ ಡಾಕ್ಟರು ಎಕ್ಸ್‌ರೇ ಹಿಡಿದು ಖಡಾಖಂಡಿತವಾಗಿ ಹೇಳಿದರು, ಇನ್ನು ಹೊಗೆಯ ಮುಂದೆ ಕೂರುವಂತಿಲ್ಲ. ತಿಂಗಳೊಳಗೆ ಬಚ್ಚಲ ಒಲೆ ಒಡೆಸಿ ತಾರಸಿಯ ಮೇಲೆ ಸೋಲಾರ್ ಹಾಕಿಸಿದೆವು. ಬಿಸಿಲು ಬೀಳುವುದು ಮನೆಯ ಮುಂಭಾಗಕ್ಕೆ, ಬಚ್ಚಲಿರುವುದು ಹಿತ್ತಲಿಗೆ. ಹಾಗಾಗಿ ಪೈಪು ಇಡೀ ಮನೆಯನ್ನು ಬಳಸಿಕೊಂಡು ಬರಬೇಕಾಯಿತು. ಅದನ್ನು ಕೂರಿಸಿದ ದಿನ ನಾನು ಶಾಲೆಯಲ್ಲಿದ್ದೆ. ಫಿಟ್ಟರಿಗೆ ಕಾಫಿ ಕೊಟ್ಟು, ಹೇಗೆ ಏನು ಎಂದು ಕೇಳಿಕೊಂಡವರು ಅತ್ತೆಯೇ.

ಹಂಡೆಯನ್ನು ಪಾತ್ರೆ ಅಂಗಡಿಗೆ ಹಾಕೋಣವೆಂದರೆ ಒಪ್ಪಲಿಲ್ಲ. ಹುಣಿಸೆಹಣ್ಣು ಹಾಕಿ ಫಳಫಳ ಬೆಳಗಿ ಹಿತ್ತಲಿನ ಮೂಲೆಯಲ್ಲಿ ಬೋರಲು ಹಾಕಿದರು. “ಇರ್ಲಿ ಬುಡು, ಒಂದಿನ ಬೇಕಾಯ್ತದೆ.”

ಸೋಲಾರ್ ಬಂದ ಮೇಲೆ ಇನ್ನೊಂದು ಬದಲಾವಣೆಯೂ ಆಯಿತು. ಅತ್ತೆ ಎಲ್ಲರಿಗಿಂತ ಮೊದಲು ಮೀಯತೊಡಗಿದರು. ನನಗೆ ಎಷ್ಟು ಸಂತೋಷವಾಯಿತೆಂದರೆ, ಇಷ್ಟು ವರ್ಷದ ಮೇಲಾದರೂ ಈ ಹೆಂಗಸಿಗೆ ಬಿಸಿಬಿಸಿ ನೀರು ಮೊದಲು ಸಿಗುತ್ತಿದೆಯಲ್ಲ ಎಂದು ಗಂಡನ ಹತ್ತಿರ ಹೇಳಿಕೊಂಡೆ. ಅವರು ಮಿಂದು ಬಂದು ಎಂದಿನಂತೆ ಕೂಗುವರು, “ನೀರು ಹದವಾಗಿ ಅದೆ, ಬಾ.” ನಾನು ಹೋಗಿ ನಲ್ಲಿ ತಿರುಗಿಸಿದರೆ ಹೊಗೆಯಾಡುವ ನೀರು. ಕಾಯುವ ಮಾತೇ ಇಲ್ಲ. ಸ್ಟಾಫ್ ರೂಮಿನಲ್ಲಿ ಕೊಚ್ಚಿಕೊಂಡದ್ದೇ ಕೊಚ್ಚಿಕೊಂಡದ್ದು. “ನಮ್ಮನೇಲಿ ಒಂದು ಬಕೆಟ್ ಸುಮ್ನೆ ಹೋಗುತ್ತೆ ಕಣ್ರೀ, ಆಮೇಲೆ ಬಿಸೀದು ಬರೋದು” ಎಂದು ಒಬ್ಬ ಟೀಚರ್ ಅಂದಾಗ, ನಿಮ್ಮ ಫಿಟ್ಟರ್ ಸರಿಯಿಲ್ಲ ಅಂದುಬಿಟ್ಟೆ. ಎಂಟನೆಯ ಕ್ಲಾಸಿಗೆ ಶಾಖದ ಪಾಠ ಮಾಡುವವಳು ನಾನು.

ಮಿಂದು ಬಂದ ಅತ್ತೆ ತಲೆಗೆ ಟವೆಲು ಸುತ್ತಿಕೊಂಡು, ಮುಂಬಾಗಿಲ ಮೆಟ್ಟಿಲ ಮೇಲೆ ಮೊಣಕಾಲು ಅಪ್ಪಿ ಎಳೆಬಿಸಿಲಿಗೆ ಕೂರುತ್ತಿದ್ದರು. ನಡುಗುತ್ತಿದ್ದುದನ್ನೂ ನೋಡಿದ್ದೇನೆ. ವಯಸ್ಸಾಯಿತಲ್ಲ ಅಂದುಕೊಂಡು ಬ್ಯಾಗು ಹೆಗಲಿಗೆ ಹಾಕಿ ಬಸ್ಸಿಗೆ ಓಡಿದ್ದೇನೆ.

ಸೋಲಾರ್ ಬಂದ ಎರಡನೆಯ ಮಾಗಿಯಲ್ಲಿ ಅತ್ತೆಗೆ ಜ್ವರ ಬಂತು. ಎದೆ ಕಟ್ಟಿಕೊಂಡು ಆಸ್ಪತ್ರೆಗೆ ಸೇರಿಸಿದೆವು. ಮಾರನೆಯ ಬೆಳಿಗ್ಗೆ ಅವರಿಗೆ ಗಂಜಿ ಒಯ್ಯುವ ಅವಸರದಲ್ಲಿ ನಾನೇ ಮೊದಲು ಬಚ್ಚಲಿಗೆ ಹೋದೆ. ನಲ್ಲಿ ತಿರುಗಿಸಿದರೆ ಮಂಜಿನಂತಹ ನೀರು. ಕಾದೆ. ಮುಕ್ಕಾಲು ಬಕೆಟ್ಟು ತುಂಬಿದರೂ ತಣ್ಣಗೇ ಬರುತ್ತಿತ್ತು. ಇವತ್ತೇ ಇದೂ ಕೆಡಬೇಕೇ ಎಂದು ಸಿಡುಕಿಕೊಂಡು ಫಿಟ್ಟರಿಗೆ ಫೋನು ಮಾಡಿದೆ.

“ಕೆಟ್ಟಿಲ್ಲ ಕಣಿ ಮೇಡಮ್” ಎಂದ ಅವನು. “ಪೈಪ್‌ನಲ್ಲಿ ನಿಂತಿರೋ ನೀರು ತಣ್ಗೇ ಬತ್ತದೆ. ದಿನಾ ಮೊದ್ಲು ಒಂದು ಬಕೆಟ್ ಬುಟ್ಬುಡ್ಬೇಕು. ಅವತ್ತೇ ನಿಮ್ಮತ್ತೆಯೋರ್ಗೆ ಅಂದಿದ್ನಲ್ಲ.”

ಕೈಯನ್ನು ನಲ್ಲಿಯ ಕೆಳಗೆ ಹಿಡಿದುಕೊಂಡೇ ನಿಂತಿದ್ದೆ. ಬಕೆಟ್ಟು ತುಂಬಿತು, ಅದರ ಹಿಂದೆಯೇ ಬಿಸಿನೀರು ಬಂತು. ಎರಡು ವರ್ಷ ನನಗೆ ನಲ್ಲಿ ತಿರುಗಿಸಿದ ಕೂಡಲೇ ಬಿಸಿನೀರು ಹೇಗೆ ಬರುತ್ತಿತ್ತು ಎಂಬುದು ಆಗ ತಿಳಿಯಿತು.

ಆಸ್ಪತ್ರೆಯಲ್ಲಿ ಅವರ ಮಂಚದ ಪಕ್ಕ ಕೂತು ಕೇಳಿದೆ. “ಅತ್ತೆ, ಆ ತಣ್ಣೀರನ್ನ ನೀವೇ ಮೀಯ್ತಿದ್ರಾ?”

ಮೂಗಿನ ಮೇಲಿದ್ದ ಆಕ್ಸಿಜನ್ ಮಾಸ್ಕನ್ನು ಸರಿಸಿ ಕಳ್ಳತನ ಸಿಕ್ಕಿಬಿದ್ದವರಂತೆ ನಕ್ಕರು. “ಚೆಲ್ಲೋಕೆ ಮನ್ಸು ಬರ್ನಿಲ್ಲ ಕಣವ್ವ. ನೀನು ಬಸ್ಸಿಗೆ ಓಗೋಳು. ನಿಂಗೆ ಹದವಾಗಿ ಬಂದ್ರೆ ಸಾಕಲ್ಲ.”

“ನನಗೊಂದು ಮಾತು ಹೇಳಬಾರದಿತ್ತಾ?”

“ಅಂದಿದ್ರೆ ಮೀಯೋಕೆ ಬುಡ್ತಿದ್ಯಾ?”

ಆ ಮಾಸ್ಕನ್ನು ಮತ್ತೆ ಕೂರಿಸಿ ಹೊರಗೆ ಬಂದು ಅತ್ತುಬಿಟ್ಟೆ. ಅವರ ಎದೆ ಉಳಿಯಲಿ ಎಂದು ಒಲೆ ಒಡೆಸಿದವಳು ನಾನು. ಮಾಗಿಯ ಚಳಿಯಲ್ಲಿ ಅದೇ ಎದೆಯ ಮೇಲೆ ಬಕೆಟ್ಟು ತಣ್ಣೀರು ಸುರಿದುಕೊಳ್ಳುವಂತೆ ಮಾಡಿದವಳೂ ನಾನೇ. ಡಾಕ್ಟರು ಅದರಿಂದಲ್ಲ, ಹಳೆಯ ಹೊಗೆಯಿಂದ ಅಂದರು. ಹೊಗೆಯಾದರೂ ಯಾರ ಸ್ನಾನದ ನೀರಿನದು?

ಮೂರನೆಯ ದಿನ ಮಧ್ಯಾಹ್ನ ಅತ್ತೆ ಹೋದರು.

ಮನೆಗೆ ತಂದ ಮೇಲೆ ಕೊನೆಯ ಸ್ನಾನಕ್ಕೆ ನೀರು ಬೇಕಾಯಿತು. ನಲ್ಲಿಯಲ್ಲೇ ಬಿಸಿನೀರು ಇದೆಯಲ್ಲ ಎಂದು ಯಾರೋ ಅಂದರು. ಉಮ್ಮತ್ತೂರಿನ ತಮ್ಮ ತಲೆಯಾಡಿಸಿದರು. “ಬ್ಯಾಡ. ಅಂಗಳದಲ್ಲಿ ಒಲೆ ಹೂಡಿ ಕಾಯ್ಸಬೇಕು.” ತಾವೇ ಹಿತ್ತಲಿಗೆ ಹೋಗಿ, ಬೋರಲು ಹಾಕಿದ್ದ ಹಂಡೆಯನ್ನು ಎತ್ತಿ ತಂದು ಮೂರು ಕಲ್ಲಿನ ಮೇಲಿಟ್ಟು ಹಿಪ್ಪುನೇರಳೆ ಕಡ್ಡಿ ಹೂಡಿದರು. ಒಳಗೆ ಒಂದಿಷ್ಟೂ ಕಿಲುಬು ಹತ್ತಿರಲಿಲ್ಲ. ನಮ್ಮ ಕಣ್ಣಿಗೆ ಬೀಳದ ಹಾಗೆ ಬೆಳಗುತ್ತಲೇ ಇದ್ದರೆಂದು ಕಾಣುತ್ತದೆ.

ಹೊಗೆಗೆ ಕಣ್ಣುರಿಯುತ್ತಿದ್ದರೂ ಒಲೆಯ ಮುಂದಿನಿಂದ ನಾನು ಏಳಲಿಲ್ಲ. ಮೊದಲ ಚೊಂಬು ತೋಡುವ ಮುಂಚೆ ಬಗ್ಗಿ ಮೊಣಕೈ ಅದ್ದಿ ನೋಡಿದೆ.

“ನೀರು ಹದವಾಗಿ ಅದೆ ಅತ್ತೆ” ಅಂದೆ.

ನಾನು ಆ ಮನೆಗೆ ಬಂದ ಮೇಲೆ, ಎಲ್ಲರಿಗಿಂತ ಮೊದಲು ಅವರು ಬಿಸಿನೀರು ಮಿಂದದ್ದು ಅವತ್ತೊಂದೇ ದಿನ.