ಸೊಸೆ ಹತ್ತಿಸದ ವಿಮಾನ

ರಾಣೆಬೆನ್ನೂರಿನಲ್ಲಿ ಬೀಜದ ವ್ಯಾಪಾರಿಗಳಿಗೆ ಬರವಿಲ್ಲ. ಆದರೆ ಬೀಜದ ಅಂಗಡಿಯನ್ನೂ ನಡೆಸಿ ವಿಮಾನವನ್ನೂ ಹಾರಿಸುವವಳು ಇಡೀ ಊರಿಗೆ ಒಬ್ಬಳೇ, ದುರ್ಗಾ. ವಯಸ್ಸು ನಲವತ್ತನಾಲ್ಕು, ಲೈಸನ್ಸು ಬಂದು ಆರು ವರ್ಷ. ವಿಮಾನ ಅವಳದಲ್ಲ, ಐದು ತಾಸು ದೂರದ ಒಂದು ಹಾರಾಟದ ಕ್ಲಬ್ಬಿನದು, ಬಾಡಿಗೆಗೆ ಸಿಗುತ್ತದೆ. ಬಿತ್ತನೆಯ ಹಂಗಾಮಿನಲ್ಲಂತೂ ಅಂಗಡಿ ಬಿಟ್ಟು ಅಲುಗಾಡುವಂತಿಲ್ಲ. ಹೀಗಾಗಿ ಎರಡು ಮೂರು ತಿಂಗಳಿಗೊಮ್ಮೆ ಹಾರಿದರೆ ಅದೇ ಹೆಚ್ಚು.

ಹಾರದ ದಿನಗಳಲ್ಲಿ ಕೈ ಮರೆಯಬಾರದಲ್ಲ? ಅದಕ್ಕೆ ದಿನಾ ಬೆಳಿಗ್ಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, ಕಣ್ಣು ಮುಚ್ಚಿ, ಇಲ್ಲದ ಗುಂಡಿ ಒತ್ತುತ್ತ, ಇಲ್ಲದ ಹಿಡಿಕೆ ಎಳೆಯುತ್ತ, ಮಾಡಬೇಕಾದ್ದನ್ನು ಒಂದೊಂದಾಗಿ ಬಾಯಲ್ಲಿ ಹೇಳಿಕೊಳ್ಳುತ್ತಾಳೆ. ಮೊದಲ ಸಲ ಇದನ್ನು ಕಂಡ ಅತ್ತೆ ಕರೆವ್ವ, ಸೊಸೆಯ ಮೈಮೇಲೆ ದೇವಿ ಬಂದಳೆಂದೇ ತಿಳಿದಳು. ಓಡಿಹೋಗಿ ಅರಿಷಿಣ ಕುಂಕುಮ ತಂದು ಕೇಳಿದಳು: "ನಮ್ಮಿಂದ ಏನ್ ತಪ್ಪಾಗೇತಿ ತಾಯಿ, ಹೇಳವ್ವಾ."

ದುರ್ಗಾ ಕಣ್ಣು ತೆರೆಯಲಿಲ್ಲ. "ಇಂಜಿನ್ ಬಂದ್ ಬಿದ್ದೈತ್ರಿ ಅತ್ತಿ. ಇಳಿಸಾಕ ಹೊಲಾ ಹುಡುಕಾಕತ್ತೇನಿ, ಸ್ವಲ್ಪ ಸುಮ್ನ ಕುಂದ್ರಿ."

ಅಂದಿನಿಂದ ಕರೆವ್ವನಿಗೆ ಒಂದೇ ಆಸೆ: ಸಾಯುವುದರೊಳಗೆ ಒಮ್ಮೆ ಸೊಸೆಯ ಪಕ್ಕದಲ್ಲಿ ಕೂತು ಹಾರಬೇಕು. ಎಪ್ಪತ್ತು ದಾಟಿದ ಜೀವ. ಹತ್ತಿಯ ಹೂವಿಗೆ ಹೂವು ಮುಟ್ಟಿಸಿ ಬೀಜ ಕಟ್ಟಿಸುವ ಕೂಲಿಯಲ್ಲೇ ಹರೆಯ ಕಳೆದವಳು. ನೆಲ ಬಿಟ್ಟು ಮೇಲೆ ಹೋದದ್ದೆಂದರೆ ಮಾಳಿಗೆಯ ಮೆಟ್ಟಿಲಷ್ಟೇ. ಈ ಮಾರ್ಚಿನಲ್ಲಿ ದಿನ ಗೊತ್ತಾಯಿತು. ತವರು ಐರಣಿಯವರೆಗೂ ಸುದ್ದಿ ಮುಟ್ಟಿಸಿ, ಹೊಸ ಇಳಕಲ್ ಸೀರೆ ಉಟ್ಟು ಕರೆವ್ವ ಹೊರಟಳು.

ಕ್ಲಬ್ಬಿನಲ್ಲಿ ದುರ್ಗಾ ಮೊದಲು ತನಗೆ ಹಾರಲು ಕಲಿಸಿದ ಗುರುಗಳನ್ನು ಜೊತೆಗೆ ಕೂರಿಸಿಕೊಂಡು ಮೂರು ಸುತ್ತು ಹೋದಳು. ಬಹಳ ದಿನ ಹಾರದವರು ಬೇರೆಯವರನ್ನು ಹತ್ತಿಸಿಕೊಳ್ಳುವ ಮೊದಲು ಮೂರು ಸಲ ಏರಿ ಇಳಿಯಬೇಕೆಂಬುದು ನಿಯಮ. ವಿಮಾನ ನೆಲ ಬಿಟ್ಟಾಗ ಕರೆವ್ವನಿಗೆ ನಂಬಲಾಗಲಿಲ್ಲ. ದಿನಾ ತನಗೆ ರೊಟ್ಟಿ ಬಡಿದು ಹಾಕುವ ಕೈಯೇ ಅದನ್ನು ಎತ್ತಿಕೊಂಡು ಹೋಯಿತೇ! ಎರಡು ಸಲ ಚೆನ್ನಾಗಿಯೇ ಇಳಿಯಿತು. ಮೂರನೆಯ ಸಲ ಅಡ್ಡಗಾಳಿ ಬೀಸಿತು. ಚಕ್ರ ನೆಲಕ್ಕೆ ತಗುಲಿ, ಪುಟಿದು, ಮತ್ತೆ ತಗುಲಿತು.

"ಏನೂ ಆಗಿಲ್ಲ. ಕಾಗದದ ಪ್ರಕಾರ ಅಡ್ಡಿಯಿಲ್ಲ, ಅಮ್ಮನ್ನ ಕರ್ಕೊಂಡು ಹೋಗಿ," ಎಂದರು ಗುರುಗಳು.

ದುರ್ಗಾ ಅತ್ತೆಯ ಮುಂದೆ ಬಂದು ನಿಂತಳು. "ಇವತ್ತು ಬ್ಯಾಡ್ರಿ ಅತ್ತಿ. ಭಾಳ ದಿನಾ ಹಾರಿಲ್ಲ, ಗಾಳಿಗೆ ಕೈ ತಪ್ಪಾಕತ್ತೇತಿ."

ಕರೆವ್ವನ ಮುಖ ಬಾಡಿತು. ಗುರುವೇ ಹೂಂ ಅಂದ ಮೇಲೆ ಇವಳದೇನು ಕೊಂಕು? "ಲೈಸನ್ಸಿನ ಚೀಟಿ ಐತಲ್ಲ ನಿನ್ನ ಕಡೆ?"

"ಚೀಟಿ ಇದ್ದ ಬೀಜಾನೂ ನಾವು ಹಸಿ ಕಾಗದದಾಗ ಮೊಳಕಿ ಬರಿಸಿ ನೋಡೇ ಕೊಡ್ತೇವಲ್ರಿ. ಹೋದ ವರ್ಷ ಚಲೋ ಹುಟ್ಟಿತ್ತಂತ ಈ ವರ್ಷ ಹಂಗ ಕೊಡ್ತೇವೇನು?"

ಬೀಜದ ಹೊಲದಲ್ಲೇ ಬಾಳಿದವಳಿಗೆ ಈ ಮಾತು ತಟ್ಟನೆ ತಿಳಿಯಿತು. ಬೇವಿನ ನೆರಳಿಗೆ ಸರಿದು ಕೂತು, "ಹಂಗಾರ ನನ್ನ ಪಾಳಿ ನೀನ ತಗೋ. ಕೈ ಕೂಡೋತನಕ ಹಾರು," ಎಂದಳು.

ದುರ್ಗಾ ಗುರುಗಳೊಂದಿಗೆ ಮತ್ತೆ ಏರಿದಳು. ಏರುವುದು, ಸುತ್ತುವುದು, ಇಳಿಯುವುದು. ಬೇವಿನ ನೆರಳಿನಲ್ಲಿದ್ದ ಕರೆವ್ವ ಪ್ರತಿ ಸಲವೂ ಎದ್ದು ನಿಲ್ಲುತ್ತಿದ್ದಳು. ಒಮ್ಮೆಯಂತೂ ನೆಲದವರೆಗೆ ಬಂದ ವಿಮಾನ, ಗಾಳಿ ಸರಿಕಾಣದೆ, ಚಕ್ರ ಮುಟ್ಟಿಸದೆಯೇ ಮೇಲೆದ್ದು ಹೋಯಿತು. ಐದನೆಯ ಸಲ ಒಂದು ಪಕ್ಕಕ್ಕೆ ವಾಲಿಕೊಂಡು ಬಂದು, ಮೊದಲು ಒಂದು ಚಕ್ರ, ಆಮೇಲೆ ಇನ್ನೊಂದು, ಸದ್ದೇ ಇಲ್ಲದೆ ಊರಿತು. ಕರೆವ್ವ ನಿಂತಲ್ಲಿಂದಲೇ ಸೊಸೆಗೆ ದೃಷ್ಟಿ ತೆಗೆದು ನೆಟಿಕೆ ಮುರಿದಳು. ಅಷ್ಟರಲ್ಲಿ ಗೊತ್ತು ಮಾಡಿದ ಹೊತ್ತು ಮುಗಿದಿತ್ತು. ವಿಮಾನಕ್ಕೆ ಬೇರೆಯವರು ಕಾದಿದ್ದರು.

ಮರುದಿನ ಐರಣಿಯಿಂದ ತಂಗಿ ಫಕ್ಕೀರವ್ವ ಓಡಿಬಂದಳು. "ಹೆಂಗಿತ್ತಬೇ ಮ್ಯಾಲ?"

ಒಂದು ಸುಳ್ಳು ಹೇಳಿದ್ದರೆ ಮುಗಿಯುತ್ತಿತ್ತು, ನೋಡಲು ಯಾರು ಹೋಗಿದ್ದರು? ಕರೆವ್ವ ನೆಟ್ಟಗೆ ಕೂತು ಹೇಳಿದಳು: "ನಾ ಹತ್ತಲಿಲ್ಲ. ನನ್ನ ಸೊಸಿ ಹತ್ತಿಸಲಿಲ್ಲ."

"ಅಯ್ಯ, ಅಷ್ಟ್ ದೂರ ಕರಕೊಂಡು ಹೋಗಿ?"

"ಹೂಂ. ನನ್ನ ಜೀವಕ್ಕ ಇಷ್ಟು ಕಿಮ್ಮತ್ತು ಕೊಟ್ಟವರನ್ನ ನಾ ನೋಡಿದ್ದು ಇದ ಮೊದಲು."